ಐದನೆಯ ಮುಚ್ಚಳ

ಮೇಣದ ಬತ್ತಿ ಆರಲಿಲ್ಲ.

ಆರಬೇಕಿತ್ತು. ಆದರೆ ಅದು ಬಕೆಟ್ಟಿನ ತಳದಲ್ಲಿ ನೆಟ್ಟಗೆ ನಿಂತು, ಗರಗಸದಮ್ಮನ ಮುಖಕ್ಕೇ ಹಲ್ಲು ಕಿರಿಯುವ ಹಾಗೆ ಉರಿಯುತ್ತಿತ್ತು.

"ನನ್ನ ಗಾಡಿಯ ನಾಲ್ಕೂ ಚಕ್ರ ಆಯ್ತು," ಎಂದ ಬೂಟು ಸಾಹೇಬ. ಡ್ರೈವಿಂಗ್ ಶಾಲೆಯ ಷೆಡ್ಡಿನ ಮೂಲೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಇನ್ನು ಸ್ಟೆಪ್ನಿ ಒಂದಿದೆ. ಅದಕ್ಕೂ ಬತ್ತಿ ಹಚ್ತೀರಾ, ಇಲ್ಲ ನನ್ನ ಮೂಗಿಗೇ ಪೈಪು ಸಿಗಿಸ್ತೀರಾ?"

"ನಿಮ್ಮ ಮೂಗಿಂದ ಬರೋದು ಬರೀ ಜಂಬ. ಅದನ್ನ ಪತ್ತೆ ಹಚ್ಚೋಕೆ ಬತ್ತಿ ಬೇಡ," ಎಂದಳು ಗರಗಸದಮ್ಮ.

ಬಾಗಿಲ ಬಳಿ ನಿಂತಿದ್ದ ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿಕೊಂಡರು. ಖಾಲಿ ಸಿಲಿಂಡರ್ ಕೊಟ್ಟು ಮರಳು ಮೇಷ್ಟ್ರ ಸಾವಿಗೆ ಕಾರಣನಾದ ಅಂತ ಗ್ಯಾಸ್ ತುಂಬುವ ಅಂಗಡಿಯ 'ಏಣಿ' ಲಾಕಪ್ಪಿನಲ್ಲಿದ್ದ. ಸಂಜೆಯೊಳಗೆ ಬೇರೆ ಸುಳಿವು ಸಿಗದಿದ್ದರೆ ಅವನ ಮೇಲಿನ ಆರೋಪಪಟ್ಟಿ ಕೋರ್ಟಿಗೆ ಹೋಗುತ್ತಿತ್ತು. ಏಣಿ ಗರಗಸದಮ್ಮನ ಒಡಹುಟ್ಟಿದ ತಮ್ಮ.

ಊರಿನವರೆಲ್ಲ ಅವಳನ್ನು ಗರಗಸ ಅಂತ ಕರೆಯುವುದಕ್ಕೆ ಕಾರಣವಿತ್ತು. ಒಂದು ಪ್ರಶ್ನೆಗೆ ಹಲ್ಲೂರಿದರೆ ಮರ ಎರಡಾಗುವ ತನಕ ಬಿಡುತ್ತಿರಲಿಲ್ಲ. ಇವತ್ತು ಮಾತ್ರ ಹಲ್ಲು ಕಬ್ಬಿಣಕ್ಕೆ ಬಡಿದಂತಾಗಿತ್ತು.

ಅವಳ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಮರಳಿನಲ್ಲಿ ಗಾಡಿ ಓಡಿಸಬೇಕಾದರೆ ಮೊದಲು ಚಕ್ರದ ಗಾಳಿಯನ್ನು ಅರ್ಧಕ್ಕರ್ಧ ಬಿಡಬೇಕು. ಆಗ ಟೈರು ಒಂಟೆಯ ಪಾದದ ಹಾಗೆ ಅಗಲವಾಗಿ ಹರಡಿಕೊಂಡು ಹೂತುಹೋಗದೆ ನಡೆಯುತ್ತದೆ. ವಾಪಸು ಬರುವಾಗ ಕಲ್ಲುದಾರಿ ಸಿಕ್ಕಿತೋ, ಮತ್ತೆ ಗಾಳಿ ತುಂಬಲೇಬೇಕು. ತುಂಬದೆ ಹೊರಟರೆ ತಿರುವಿನಲ್ಲಿ ಟೈರು ಕಳಚಿಕೊಂಡು ಗಾಡಿ ಮಗುಚುತ್ತದೆ. ಎರಡು ವಾರದ ಹಿಂದೆ ಮರಳು ಮೇಷ್ಟ್ರ ಗಾಡಿ ಮಗುಚಿದ್ದು ಹಾಗೆಯೇ. ಇಪ್ಪತ್ತು ವರ್ಷ ಬೇರೆಯವರಿಗೆ ಮರಳಿನ ಪಾಠ ಹೇಳಿದ ಮನುಷ್ಯ ಕಲ್ಲಿನ ಕೊರಕಲಿನಲ್ಲಿ ತಲೆಕೆಳಗಾಗಿ ಸತ್ತುಬಿದ್ದಿದ್ದರು. ಪಕ್ಕದಲ್ಲಿ ಅವರ ಸಿಲಿಂಡರ್, ಒಳಗೆ ಒಂದು ಉಸಿರೂ ಇಲ್ಲ.

ಹೋಗುವವರು ವಾಪಸಿನ ಗಾಳಿಯನ್ನು ಜೊತೆಗೇ ಒಯ್ಯಬೇಕು. ಹೇಗೆ ಒಯ್ಯಬೇಕು ಅನ್ನುವುದರ ಮೇಲೆ ಈ ಡ್ರೈವಿಂಗ್ ಶಾಲೆಯಲ್ಲಿ ದಿನಾ ಜಗಳ. ಮೇಷ್ಟ್ರು ಸಿಲಿಂಡರಿನ ಪಕ್ಷ. ಸೋಡಾಕ್ಕೆ ತುಂಬುವ ಕಾರ್ಬನ್ ಡೈಆಕ್ಸೈಡ್ ಗ್ಯಾಸು ಅದರಲ್ಲಿ ಒತ್ತಿ ತುಂಬಿರುತ್ತದೆ. ಎಂಜಿನ್ ಬೇಡ, ಬ್ಯಾಟರಿ ಬೇಡ, ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ನಾಲ್ಕೂ ಚಕ್ರ ಕಲ್ಲಿನಂತಾಗುತ್ತವೆ. ಶಾಲೆಯ ಪಾಲುದಾರ ಬೂಟು ಸಾಹೇಬ ಬೆಲ್ಟಿನ ಪಕ್ಷ. ಅವನ ಗಾಡಿಯ ಎಂಜಿನ್ನಿಗೆ ಬೆಲ್ಟು ಹಾಕಿ ಕಂಪ್ರೆಸರ್ ಕೂರಿಸಿದ್ದ. ಎಂಜಿನ್ ತಿರುಗುವ ತನಕ ಗಾಳಿಗೆ ಬರವಿಲ್ಲ ಅನ್ನುವುದು ಅವನ ಡಂಗುರ. ಶಾಲೆಯ ಗಾಡಿಗಳಿಗೆಲ್ಲ ಅದನ್ನೇ ಹಾಕಿಸಬೇಕು ಅಂತ ಹಟ ಹಿಡಿದಿದ್ದ.

ಅಂಥವನ ಗುಜರಿ ಡಬ್ಬದಲ್ಲಿ ನಿನ್ನೆ ಗರಗಸದಮ್ಮನಿಗೆ ತುಂಡಾದ ಬೆಲ್ಟು ಸಿಕ್ಕಿತ್ತು. ಸಂದಿಯಲ್ಲೆಲ್ಲ ಮರಳು.

ಬೆಲ್ಟು ಮರಳಿನಲ್ಲೇ ಹರಿದಿದ್ದರೆ ಇವನು ವಾಪಸು ಬಂದದ್ದು ಯಾರ ಗಾಳಿಯಲ್ಲಿ? ಮೇಷ್ಟ್ರ ಗ್ಯಾಸು ಕದ್ದಿದ್ದರೆ ಅದು ಇನ್ನೂ ಇವನ ಚಕ್ರದೊಳಗೇ ಇರಬೇಕು. ಆ ಗ್ಯಾಸು ಗಾಳಿಗಿಂತ ಭಾರ, ಬೆಂಕಿಗೆ ಶತ್ರು. ರಬ್ಬರ್ ಕೊಳವೆಯಲ್ಲಿ ಮೆಲ್ಲಗೆ ಬಕೆಟ್ಟಿಗೆ ಬಿಟ್ಟರೆ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ತಂತಿಗೆ ಕಟ್ಟಿದ ಬತ್ತಿ ಇಳಿಸಿದರೆ ತಕ್ಷಣ ಆರುತ್ತದೆ. ಬೆಳಿಗ್ಗೆ ಇನ್‌ಸ್ಪೆಕ್ಟರಿಗೆ ಇದನ್ನೆಲ್ಲ ಹೇಳಿ, ಜಗಳ ಮಾಡಿ, ಎಳೆದುಕೊಂಡು ಬಂದಿದ್ದಳು.

ನಾಲ್ಕು ಸಲ ಇಳಿಸಿದಳು. ನಾಲ್ಕು ಸಲವೂ ಬತ್ತಿ ಉರಿಯಿತು.

ಅಷ್ಟರಲ್ಲಿ ಹಿಂಬಾಗಿಲಿನಿಂದ ಅವಳ ಮೈದುನ ತಲೆ ತೂರಿಸಿದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಆಳು ಗಿಡ್ಡ, ಹೊಟ್ಟೆ ಉದ್ದ. ಅತ್ತಿಗೆಯ ಪತ್ತೇದಾರಿ ಕಚೇರಿಗೆ ಅವನೇ ಡ್ರೈವರು, ಅವನೇ ಸಹಾಯಕ, ಬೈಗುಳ ತಿನ್ನುವುದಕ್ಕೂ ಅವನೇ.

"ಅತ್ತಿಗೆ, ಆ ಚಿಕ್ಕ ಪಂಪು ಕೊಡಿ. ಬ್ಯಾಟರಿಗೆ ಸಿಗಿಸ್ತಾರಲ್ಲ, ಅದು. ಮೇಷ್ಟ್ರ ಹೆಂಡತಿ ಹಿತ್ತಿಲಲ್ಲಿರೋ ಅವರ ಗಾಡಿಗೆ ಗಾಳಿ ಹಾಕಿಕೊಡಿ ಅಂದ್ರು. ನಾಳೆ ಅಕ್ಕನ ಮನೆಗೆ ಹೋಗ್ತಾರಂತೆ."

"ಇಲ್ಲಿ ಮನೆ ಹತ್ತಿ ಉರೀತಿದೆ, ನಿನಗೆ ಪಂಪಿನ ಚಿಂತೆ."

"ಮನೆ ಎಲ್ಲಿ ಉರೀತಿದೆ? ಬತ್ತಿ ಉರೀತಿದೆ."

ಬೂಟು ಸಾಹೇಬ ಗಹಗಹಿಸಿ ನಕ್ಕ. ಗರಗಸದಮ್ಮ ಮೈದುನನನ್ನು ಕಣ್ಣಲ್ಲೇ ಸುಟ್ಟಳು.

"ಕೋಪ ಮಾಡ್ಕೋಬೇಡಿ. ಆಯಮ್ಮ ಬೆಳಿಗ್ಗೆಯಿಂದ ಎರಡು ಸಲ ಟೀ ಕೊಟ್ಟಿದ್ದಾರೆ, ಇಲ್ಲ ಅನ್ನೋಕಾಗುತ್ತಾ? ಆದ್ರೆ ಆ ಗಾಡಿನೂ ಒಂದು ಗಾಡಿನಾ! ಎರಡು ವಾರದಿಂದ ಯಾರೂ ಮುಟ್ಟಿಲ್ಲ, ಪಂಕ್ಚರ್ ಇಲ್ಲ, ಆದ್ರೂ ನಾಲ್ಕೂ ಚಕ್ರ ಮಾತಾಡ್ಕೊಂಡ ಹಾಗೆ ಒಂದೇ ಸಮ ಇಳಿದಿವೆ. ಒಂದಕ್ಕೆ ಮುಚ್ಚಳಾನೇ ಇಲ್ಲ. ಸೀಟಂತೂ ಹಿಂದಿನ ಊರಲ್ಲಿದೆ, ಕೂತ್ರೆ ನನ್ನ ಕಾಲು ಪೆಡಲಿಗೆ ಎಟುಕಲ್ಲ."

"ನಿನ್ನ ಕಾಲು ಎಲ್ಲಿಗೆ ತಾನೇ ಎಟುಕುತ್ತೆ? ತಗೊಂಡು ಹೋಗು."

ಅವನು ಕಪಾಟಿನಿಂದ ಪಂಪು ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಅದರ ಗೊರಗೊರ ಸದ್ದು ಶುರುವಾಯಿತು. ಅಂಗೈಗಿಂತ ಸ್ವಲ್ಪ ದೊಡ್ಡ ಯಂತ್ರ, ಆದರೆ ಗಲಾಟೆ ಹಿಟ್ಟಿನ ಗಿರಣಿಯಷ್ಟು.

"ಸರಿ ಕಣಮ್ಮ," ಎಂದರು ಇನ್‌ಸ್ಪೆಕ್ಟರ್. "ನೀವು ಕೇಳಿದಿರಿ ಅಂತ ಬಂದೆ. ನಿಮ್ಮ ತಮ್ಮ ಅಂತ ನಿಮಗೆ ಸಂಕಟ, ನನಗೆ ಅರ್ಥ ಆಗುತ್ತೆ. ಆದ್ರೆ ಸಿಲಿಂಡರ್ ಖಾಲಿ ಇತ್ತು. ಮೀಟರಿನ ಮುಳ್ಳು ನೋಡಿ ತುಂಬಿದೆ ಅಂತ ಕೊಟ್ಟಿದ್ದಾನೆ..."

"ಮುಳ್ಳು ನೋಡಿ ಕೊಡೋನಲ್ಲ ಅವನು. ಒಳಗೆ ಆ ಗ್ಯಾಸು ದ್ರವವಾಗಿರುತ್ತೆ, ಒಂದು ಲೋಟದಷ್ಟು ಉಳಿದಿದ್ದರೂ ಮುಳ್ಳು ಪೂರ್ತಿ ಅಂತಲೇ ತೋರಿಸುತ್ತೆ, ಅದು ತುಂಬೋರಿಗೆಲ್ಲ ಗೊತ್ತು. ತಕ್ಕಡಿಗೆ ಹಾಕಿ ಕೊಟ್ಟಿದ್ದಾನೆ. ಮೇಷ್ಟ್ರೂ ತೂಕ ನೋಡದೆ ಸಿಲಿಂಡರನ್ನ ಗಾಡಿ ಹತ್ತಿಸೋರಲ್ಲ. ಇಬ್ಬರೂ ಒಂದೇ ದಿನ ಕುರುಡಾದ್ರಾ?"

"ಹಾಗಾದ್ರೆ ಗ್ಯಾಸು ಎಲ್ಲಿ ಹೋಯ್ತು?"

ಅದೇ ಪ್ರಶ್ನೆ. ಎರಡು ವಾರದಿಂದ ಅವಳ ತಲೆಯೊಳಗೆ ಅದೇ ಪ್ರಶ್ನೆ ಹಲ್ಲು ಮಸೆಯುತ್ತಿತ್ತು.

"ಆ ಪೊಟ್ಟಣ ಇನ್ನೊಂದು ಸಲ ಕೊಡಿ," ಎಂದಳು.

ಸತ್ತಾಗ ಮೇಷ್ಟ್ರ ಮೈಮೇಲೆ ಸಿಕ್ಕಿದ ವಸ್ತುಗಳ ಪೊಟ್ಟಣ. ಕನ್ನಡಕ, ಕರವಸ್ತ್ರ, ಮತ್ತೆ ಚಕ್ರದ ವಾಲ್ವಿಗೆ ಹಾಕುವ ಬೆರಳುತುದಿಯಷ್ಟು ಮುಚ್ಚಳಗಳು. ಮೇಷ್ಟ್ರದ್ದು ಒಂದು ನಿಯಮವಿತ್ತು, ಕಲಿಯಲು ಬಂದವರಿಗೆ ಮೊದಲ ದಿನವೇ ಹೇಳುತ್ತಿದ್ದರು: ಮುಚ್ಚಳ ತೆಗೆದವನು ಅದನ್ನು ತನ್ನ ಅಂಗಿಯ ಎಡ ಜೇಬಿಗೆ ಹಾಕಿ ಗುಂಡಿ ಹಾಕಬೇಕು. ಬಾನೆಟ್ಟಿನ ಮೇಲೆ ಇಟ್ಟವನು ಗಾಡಿಯ ಸುತ್ತ ಓಡಬೇಕು. ನೆಲದ ಮೇಲೆ ಇಟ್ಟವನು ಮನೆಗೆ ನಡೆದೇ ಹೋಗಬೇಕು.

ಎಡ ಜೇಬಿನಲ್ಲಿ ಐದು ಮುಚ್ಚಳ ಇದ್ದವು. ನಾಲ್ಕು ಕಪ್ಪು, ಅವರ ಗಾಡಿಯವು. ಒಂದು ಕೆಂಪು.

ಆ ಕೆಂಪು ಮುಚ್ಚಳ ಬೂಟು ಸಾಹೇಬನ ಗಾಡಿಯದು ಅಂತಲೇ ಅವಳು ನಂಬಿದ್ದಳು. ಬತ್ತಿಯ ಅವಸರದಲ್ಲಿ ಗಮನಿಸಿರಲಿಲ್ಲ, ಈಗ ಬಗ್ಗಿ ನೋಡಿದರೆ ಅವನ ನಾಲ್ಕೂ ಚಕ್ರಕ್ಕೆ ಫಳಫಳ ಹೊಳೆಯುವ ಹಿತ್ತಾಳೆ ಮುಚ್ಚಳ. ಬೂಟಿನ ಹಾಗೆಯೇ ಅದಕ್ಕೂ ದಿನಾ ಪಾಲಿಷ್ ಮಾಡುತ್ತಾನೋ ಏನೋ.

ಪಾಲಿಷ್.

ಗರಗಸದಮ್ಮ ಬಗ್ಗಿದಲ್ಲೇ ನಿಂತಳು. ಅವಳ ಕಣ್ಣಿನ ನೇರಕ್ಕೆ ಬೂಟು ಸಾಹೇಬನ ಬೂಟುಗಳಿದ್ದವು. ಮುಖ ನೋಡಿಕೊಳ್ಳುವಷ್ಟು ಹೊಳಪು, ಕೆಂಗಂದು ಬಣ್ಣ. ಎಡಗಾಲಿನ ಬೂಟಿನ ಅಟ್ಟೆಯ ಅಂಚು ಹೊಸದರಂತಿತ್ತು. ಬಲಗಾಲಿನದು ನಡುವಿಗೆ ಅಡ್ಡಲಾಗಿ ಸೀಳಿತ್ತು. ಬೆಳಿಗ್ಗೆಯಿಂದ ಬಲಗಾಲನ್ನೇ ಎಡಗಾಲಿನ ಮೇಲೆ ಹಾಕಿಕೊಂಡು ಕೂತಿದ್ದಾನೆ. ಒಂದು ಸಲವೂ ಇಳಿಸಿಲ್ಲ.

ಅವಳು ಸೀದಾ ಗುಜರಿ ಮೂಲೆಗೆ ಹೋದಳು. ಹಳೆಯ ಟ್ಯೂಬು, ತುಕ್ಕು ಹಿಡಿದ ಜಾಕು ಎಲ್ಲ ಎಳೆದು ಹಾಕಿ, ಅಡಿಯಿಂದ ಕಾಲಿನಲ್ಲಿ ತುಳಿಯುವ ಪಂಪೊಂದನ್ನು ಹೊರತೆಗೆದಳು. ತುಳಿಯುವ ಕಬ್ಬಿಣದ ಪಟ್ಟಿಯ ಮೇಲೆ ಕೆಂಗಂದು ಮೆತ್ತಿಕೊಂಡಿತ್ತು. ಬೆರಳಿನಿಂದ ಉಜ್ಜಿ, ಮೂಸಿ ನೋಡಿದಳು. ತುಕ್ಕಲ್ಲ, ಬೂಟಿನ ಪಾಲಿಷ್.

ಪಂಪನ್ನು ತಂದು ಬೂಟು ಸಾಹೇಬನ ಕಾಲ ಬಳಿ ದಢಾರನೆ ಹಾಕಿದಳು.

"ತುಳೀರಿ."

"ಏನು?"

"ಬಲಗಾಲಲ್ಲಿ ತುಳೀರಿ. ನೋಡೋಣ."

"ನಿಮಗೆ ತಲೆ ಕೆಟ್ಟಿದೆ."

"ಕೆಟ್ಟಿದ್ದು ನಿಮ್ಮ ಕಂಪ್ರೆಸರು! ಮರಳಿನ ಮಧ್ಯ ಬೆಲ್ಟು ಹರೀತು. ಗಾಳಿಗೆ ಬರವಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದ ಮಹಾರಾಯ, ನಾಲ್ಕು ದೊಡ್ಡ ಚಕ್ರಕ್ಕೆ ಕಾಲಲ್ಲಿ ತುಳಿದು ತುಳಿದು ಗಾಳಿ ತುಂಬಿದಿರಿ. ಬೂಟು ಸೀಳಿತು, ಕಾಲು ಊದಿತು. ಹೌದೋ ಅಲ್ವೋ?"

ಬೂಟು ಸಾಹೇಬನ ನಗು ಮುಖದ ಮೇಲೆ ಹಾಗೇ ಇತ್ತು, ಆದರೆ ಅದರಲ್ಲಿ ಜೀವ ಇರಲಿಲ್ಲ. ಇನ್‌ಸ್ಪೆಕ್ಟರ್ ಈಗ ಗಡಿಯಾರ ನೋಡುತ್ತಿರಲಿಲ್ಲ.

"ಠಾಣೇಲಿ ಏನು ಹೇಳಿದಿರಿ?" ಎಂದು ಅವರು ಕೇಳಿದರು. "ಕಂಪ್ರೆಸರಿನಲ್ಲಿ ಗಾಳಿ ತುಂಬಿಕೊಂಡು ಮಧ್ಯಾಹ್ನಕ್ಕೇ ಹೊರಟೆ ಅಂದಿರಿ."

"ಅಂದೆ." ಅವನು ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ನೆಲಕ್ಕಿಳಿಸಿದ. ಮುಖ ಸಿಂಡರಿಸಿದ. "ಸುಳ್ಳು ಹೇಳಿದೆ. ಏನ್ ಮಾಡ್ಲಿ? ಆ ದಿನ ಬೆಳಿಗ್ಗೆಯೇ ಅವನ ಹತ್ರ ಬಾಜಿ ಕಟ್ಟಿದ್ದೆ. ನನ್ನ ಬೆಲ್ಟು ಕೈ ಕೊಟ್ರೆ ಇನ್ಮೇಲೆ ಕಂಪ್ರೆಸರಿನ ಮಾತೇ ಎತ್ತಲ್ಲ ಅಂದಿದ್ದೆ. ಎರಡು ದಿಬ್ಬ ದಾಟೋದ್ರೊಳಗೆ ಹರೀತು."

"ಮೇಷ್ಟ್ರನ್ನ ಕೇಳಿದ್ರೆ ಗ್ಯಾಸು ಕೊಡ್ತಿದ್ರು."

"ಕೊಡ್ತಿದ್ದ. ಕೊಟ್ಟು ಸಾಯೋ ತನಕ ನಗ್ತಿದ್ದ!" ಎಂದವನು ತಾನೇ ಆಡಿದ ಮಾತಿಗೆ ನಾಲಿಗೆ ಕಚ್ಚಿಕೊಂಡ. ದನಿ ಇಳಿಯಿತು. "ದಿಬ್ಬದ ಹಿಂದೆ ಗಾಡಿ ಮರೆ ಮಾಡಿ ತುಳಿದೆ. ಅರ್ಧ ದಿನ ತುಳಿದೆ. ಆಮೇಲೆ ಅವನು ಸತ್ತ ಸುದ್ದಿ ಬಂತು. ಪಂಪು ನನ್ನ ಹತ್ರ ಇತ್ತು, ಕೂಗಿದ್ರೆ ಕೇಳಿಸೋಷ್ಟು ಹತ್ರದಲ್ಲಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಹಿತ್ತಿಲಿನಲ್ಲಿ ಪಂಪಿನ ಗೊರಗೊರ ಇನ್ನೂ ನಿಂತಿರಲಿಲ್ಲ.

ಗರಗಸದಮ್ಮನಿಗೆ ಒಂದು ಕ್ಷಣ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಈ ಮನುಷ್ಯನ ಜಂಬದ ದೆಸೆಯಿಂದ ತನ್ನ ತಮ್ಮ ಎರಡು ವಾರ ಕಂಬಿ ಎಣಿಸಿದ್ದಾನೆ. ಕೈ ಕಟ್ಟಿಕೊಂಡಳು. ಹೊಡೆದರೆ ಸಿಟ್ಟು ಇಳಿಯುತ್ತದೆ, ಉತ್ತರ ಸಿಗುವುದಿಲ್ಲ.

"ಕೂಗಿದ್ರೆ ಕೇಳಿಸೋಷ್ಟು ಹತ್ರ ಅಂದಿರಿ. ಏನು ಕೇಳಿಸ್ತು?"

ಅವನು ಊದಿದ ಕಾಲನ್ನು ಸವರಿಕೊಳ್ಳತೊಡಗಿದ.

"ಹೇಳ್ರೀ!"

"ಬುಸ್ಸ್ ಅಂತ. ಸಿಲಿಂಡರಿನ ಸದ್ದು. ನಾನು ಇಪ್ಪತ್ತು ವರ್ಷ ಕೇಳಿದ್ದೀನಿ, ತಪ್ಪಲ್ಲ. ಅವನು ಚಕ್ರಕ್ಕೆ ಗ್ಯಾಸು ತುಂಬ್ತಿದ್ದ. ಸರಿ, ಅವನು ಮನೆಗೆ ಹೊರಟ ಅಂದ್ಕೊಂಡೆ. ಆಮೇಲೆ ಒಂದು ಎಂಜಿನ್ ಶುರುವಾಗಿ ದೂರ ಹೋಯ್ತು."

"ಮೇಷ್ಟ್ರ ಗಾಡಿ."

"ಅಲ್ಲ." ಅವನು ತಲೆ ಅಲ್ಲಾಡಿಸಿದ. "ಅದೇ ನನ್ನನ್ನ ಕೊರೀತಿರೋದು. ಅವನ ಗಾಡಿ ಗಂಟಲು ದಪ್ಪ. ಇದು ಬೇರೆ. ಮುದುಕರು ಕೆಮ್ಮಿದ ಹಾಗೆ ಮೂರು ಸಲ ಕೆಮ್ಮಿ, ಆಮೇಲೆ ಹತ್ಕೊಳ್ತು. ಅಲ್ಲಿ ಮೂರನೇ ಗಾಡಿ ಇತ್ತು."

"ಯಾರದು?"

"ಗೊತ್ತಿಲ್ಲ. ಗೊತ್ತಾಯ್ತು ಅನ್ನಿಸ್ತು, ಆದ್ರೆ ಆ ಗಾಡಿ ಷೆಡ್ಡೇ ಬಿಟ್ಟಿರಲಿಲ್ಲ ಅಂದ್ರು. ಹಾಗಾಗಿ ನನ್ನ ಕಿವಿಗೇ ಏನೋ ಆಗಿದೆ ಅಂದ್ಕೊಂಡೆ."

ಹಿತ್ತಿಲಿನಲ್ಲಿ ಪಂಪಿನ ಸದ್ದು ನಿಧಾನವಾಯಿತು. ಗೊರಗೊರ ಹೋಗಿ ಗೊರ... ಗೊರ... ಆಯಿತು. ಎರಡು ವಾರ ನಿಂತ ಗಾಡಿಯ ಬ್ಯಾಟರಿ ಸೋತಿತ್ತು. ಎಂಜಿನ್ ಚಾಲೂ ಇಟ್ಟುಕೊಂಡು ಪಂಪು ಓಡಿಸಬೇಕು ಅನ್ನುವುದು ಮೈದುನನಿಗೆ ಈಗ ನೆನಪಾಗಿರಬೇಕು. ಗಾಡಿಯ ಬಾಗಿಲು ತೆಗೆದ ಸದ್ದು ಬಂತು. ಕೀಲಿ ತಿರುಗಿತು.

ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಮೂರನೆಯ ಸಲ ಕೆಮ್ಮಿ ಹತ್ತಿಕೊಂಡಿತು.

ಬೂಟು ಸಾಹೇಬ ಊದಿದ ಕಾಲು ಮರೆತು ಎದ್ದು ನಿಂತ.

"ಇದೇ," ಎಂದ. "ಇದೇ ಸದ್ದು."

ಗರಗಸದಮ್ಮ ಅಷ್ಟರಲ್ಲಿ ಬಾಗಿಲು ದಾಟಿದ್ದಳು.

"ನಿಲ್ಸೋ! ಏಯ್! ಪಂಪು ಕಿತ್ತು ಹಾಕು!"

ಮೈದುನ ನಾಲ್ಕನೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಕೊಳವೆ ಸಿಗಿಸಲು ಹೊರಟಿದ್ದವನು ಬೆಚ್ಚಿ ಹಿಂದಕ್ಕೆ ಬಿದ್ದ. "ಮೂರು ಆಯ್ತು ಅತ್ತಿಗೆ, ಇದೊಂದು ಆದ್ರೆ..."

"ಮುಟ್ಟಿದ್ರೆ ಕೈ ಮುರೀತೀನಿ. ಬಕೆಟ್ಟು ತಾ. ಬತ್ತಿ ತಾ."

ಅವಳು ನೆಲಕ್ಕೆ ಮಂಡಿಯೂರಿದಳು. ಮೂರು ಚಕ್ರಗಳ ವಾಲ್ವಿಗೆ ಕೆಂಪು ಮುಚ್ಚಳ ಇತ್ತು. ಈ ನಾಲ್ಕನೆಯದರ ವಾಲ್ವು ಬೋಳು. ಕೊಂಚ ಹೊತ್ತಿನ ಮುಂಚೆ ಮೈದುನ ಬಾಯಿಬಿಟ್ಟು ಹೇಳಿದ್ದ. ತಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಾಲ್ಕೂ ಚಕ್ರ ಒಂದೇ ಸಮ ಇಳಿದಿವೆ ಅಂತಲೂ ಹೇಳಿದ್ದ. ಮೊಳೆ ಚುಚ್ಚಿದರೆ ಒಂದು ಚಕ್ರ ಇಳಿಯುತ್ತದೆ. ನಾಲ್ಕೂ ಒಂದೇ ಸಮ ಇಳಿಯುವುದು ಒಳಗಿರುವುದು ಬರೀ ಗಾಳಿಯಲ್ಲ ಅಂದಾಗ. ಆ ಗ್ಯಾಸು ರಬ್ಬರಿನಲ್ಲೂ ಸಂದಿ ಹುಡುಕಿ ಗಾಳಿಗಿಂತ ಬೇಗ ಸೋರುತ್ತದೆ, ತಮ್ಮನೇ ಹೇಳಿಕೊಟ್ಟದ್ದು. ಕಣ್ಣಮುಂದೆ ಇದ್ದದ್ದನ್ನು ಬಿಟ್ಟು ಬೆಳಿಗ್ಗೆಯಿಂದ ಬೂಟು ಹಿಡಿದುಕೊಂಡು ಕೂತಿದ್ದೆನಲ್ಲ ಅಂತ ತನ್ನನ್ನೇ ಬೈದುಕೊಂಡಳು.

"ಇನ್‌ಸ್ಪೆಕ್ಟರೇ, ಆ ಕೆಂಪು ಮುಚ್ಚಳ."

ಅವರು ತಾವೇ ಬಗ್ಗಿ ಅದನ್ನು ಬೋಳು ವಾಲ್ವಿಗೆ ತಿರುಗಿಸಿದರು. ಸರಿಯಾಗಿ ಕೂತಿತು. ಪಕ್ಕದ ಚಕ್ರದ ಮುಚ್ಚಳ ನೋಡಿದರು. ಅದೇ ಕೆಂಪು, ಅದೇ ಅಂಚು, ಬಿಸಿಲಿಗೆ ಅಷ್ಟೇ ಮಾಸಿದ್ದು.

"ಮೂರು ಚಕ್ರಕ್ಕೆ ತುಂಬಿದಾಗ ಮುಚ್ಚಳ ವಾಪಸು ಹಾಕಿದ್ದಾರೆ," ಎಂದಳು. "ನಾಲ್ಕನೇದು ತುಂಬಿದ ಮೇಲೆ ಹಾಕೋಕೆ ಪುರುಸೊತ್ತು ಸಿಗಲಿಲ್ಲ. ಜೇಬಲ್ಲೇ ಉಳೀತು. ಯಾಕೆ ಸಿಗಲಿಲ್ಲ ಅನ್ನೋದು ಆಮೇಲೆ ನೋಡೋಣ."

ಮತ್ತೆ ಮುಚ್ಚಳ ತೆಗೆದು, ಕೊಳವೆ ಸಿಗಿಸಿ, ಅದರ ತುದಿಯನ್ನು ಬಕೆಟ್ಟಿನ ತಳಕ್ಕೆ ಬಿಟ್ಟಳು. ಸಣ್ಣಗೆ ಸುಯ್ ಅಂದಿತು. ಮೈದುನ ತನ್ನ ಹೊಟ್ಟೆಯನ್ನೇ ಗೋಡೆ ಮಾಡಿಕೊಂಡು ಬಕೆಟ್ಟಿಗೆ ಬೀಸುಗಾಳಿ ತಾಗದಂತೆ ನಿಂತ. ಬೂಟು ಸಾಹೇಬ ಕುಂಟುತ್ತ ಬಂದು ಇನ್ನೊಂದು ಬದಿಗೆ ನಿಂತ. ಅವನ ಬಾಯಲ್ಲಿ ಈಗ ಕೊಂಕಿರಲಿಲ್ಲ.

ಬತ್ತಿ ಹಚ್ಚಿದಳು. ಇಳಿಸಿದಳು.

ಅರ್ಧಕ್ಕೆ ಬರುವಾಗಲೇ ಜ್ವಾಲೆ ಕುಗ್ಗಿತು. ಇನ್ನೆರಡು ಬೆರಳು ಇಳಿಯುವಷ್ಟರಲ್ಲಿ, ಯಾರೋ ಬೆರಳಿನಿಂದ ಚಿವುಟಿದ ಹಾಗೆ, ಆರಿತು. ಎಳೆ ಹೊಗೆ ಬಕೆಟ್ಟಿನೊಳಗೇ ಮಲಗಿಕೊಂಡಿತು.

ಇನ್ನೊಮ್ಮೆ ಹಚ್ಚಿ ಇಳಿಸಿದಳು. ಇನ್ನೊಮ್ಮೆ ಆರಿತು.

"ನನ್ನ ತಮ್ಮ ತುಂಬಿಕೊಟ್ಟ ಗ್ಯಾಸು ಇಲ್ಲಿದೆ, ಇನ್‌ಸ್ಪೆಕ್ಟರೇ." ಅವಳು ಬಕೆಟ್ಟಿನತ್ತ ಬೆರಳು ತೋರಿಸಿದಳು. "ಸಿಲಿಂಡರ್ ಖಾಲಿ ಇರಲಿಲ್ಲ. ಮೇಷ್ಟ್ರು ತಮ್ಮ ವಾಪಸಿನ ಗಾಳೀನ ಈ ಗಾಡಿಗೆ ಸುರಿದುಬಿಟ್ಟಿದ್ದಾರೆ. ಆ ದಿನ ಇದು ಮರಳಲ್ಲಿತ್ತು."

"ಏನಾಯ್ತು? ಗಾಡಿ ಕೆಟ್ಟಿದೆಯಾ?"

ಮನೆಯ ಹಿಂಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದಳು. ತೆಳ್ಳಗಿನ, ಕುಳ್ಳಗಿನ ಹೆಂಗಸು; ಕೈಯಲ್ಲಿ ಟೀ ಫ್ಲಾಸ್ಕು. ಈ ಎರಡು ವಾರದಲ್ಲಿ ಇಡೀ ಊರು ಏಣಿಯನ್ನು ಬೈಯುವಾಗ, ಅವನು ಅಂಥವನಲ್ಲ ಅಂದವಳು ಇವಳೊಬ್ಬಳೇ. ಷೆಡ್ಡಿನ ಕೀಲಿಯನ್ನು ತಾನೇ ಗರಗಸದಮ್ಮನ ಕೈಗೆ ಕೊಟ್ಟವಳು.

ಗರಗಸದಮ್ಮ ಮಂಡಿಯ ಮಣ್ಣು ಕೊಡವಿಕೊಂಡು ಎದ್ದಳು. ಇಂಥವಳನ್ನು ಕೇಳುವುದು ಸುಲಭವಲ್ಲ. ಆದರೂ ಕೇಳಿದಳು.

"ಅಮ್ಮಾ, ಆ ದಿನ ಈ ಗಾಡಿ ಷೆಡ್ಡು ಬಿಟ್ಟಿರಲಿಲ್ಲ ಅಂದಿರಿ."

"ಅಂದೆ."

"ಬಿಟ್ಟಿತ್ತು."

ಹೆಂಗಸು ಬಕೆಟ್ಟನ್ನು ನೋಡಿದಳು, ಕೆಂಪು ಮುಚ್ಚಳ ನೋಡಿದಳು. ಫ್ಲಾಸ್ಕನ್ನು ಮೆಟ್ಟಿಲ ಮೇಲಿಟ್ಟಳು, ಸದ್ದಾಗದ ಹಾಗೆ.

"ಬಿಟ್ಟಿತ್ತು," ಎಂದಳು.

"ಮತ್ತೆ ಸುಳ್ಳು ಯಾಕೆ ಹೇಳಿದಿರಿ? ನೀವು ಮರಳಿಗೆ ಹೋಗಿದ್ರಾ?"

"ನಾನು ಮನೇಲೇ ಇದ್ದೆ. ಸುಳ್ಳು ಹೇಳಿದ್ದು ನಿಮ್ಮ ಮುಖ ನೋಡಿ."

"ನನ್ನ ಮುಖಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಗಾಡಿ ಕೀಲಿ ಕೇಳ್ಕೊಂಡು ಹೋಗಿದ್ದು ನಿಮ್ಮ ತಮ್ಮ."

ಹಿತ್ತಿಲ ಗೋಡೆಯಾಚೆ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದರು.

ಸುಳ್ಳು ಅನ್ನುವ ಮಾತು ಗರಗಸದಮ್ಮನ ಹಲ್ಲಿನ ತುದಿಗೆ ಬಂದಿತ್ತು. ಅಂಗಡಿ ಬಿಟ್ಟು ಹೊರಗೆ ಕಾಲಿಟ್ಟಿಲ್ಲ ಅಕ್ಕ, ಅಂತ ಕಂಬಿಯ ಆಚೆಯಿಂದ ಅವನು ಹೇಳಿದ್ದ. ಚಿಕ್ಕಂದಿನಲ್ಲಿ ಇವಳ ಬೆನ್ನ ಮೇಲೆ ಬೆಳೆದವನು. ಆ ಮಾತನ್ನು ಅವಳು ತೂಕಕ್ಕೂ ಹಾಕಿ ನೋಡಿರಲಿಲ್ಲ. ಮುಳ್ಳು ತೋರಿಸಿದ್ದನ್ನೇ ನಂಬಿದ್ದಳು.

ಮೈದುನ ಮೆಲ್ಲಗೆ ಸರಿದು ಗಾಡಿಯ ಡ್ರೈವರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತದ್ದು ಅವಳ ಕಣ್ಣಿಗೆ ಬಿತ್ತು. ಅವನ ಒಂದು ಕೈ ಬಾಗಿಲ ಸಂದಿಯಿಂದ ಒಳಗೆ, ಸೀಟಿನ ಕೆಳಗೆ ಏನನ್ನೋ ತಡಕುತ್ತಿತ್ತು.

"ಏನ್ ಮಾಡ್ತಿದ್ದೀಯ?"

"ಅತ್ತಿಗೆ," ಎಂದ ಪಿಸುಗುಟ್ಟುತ್ತ. ಜೀವಮಾನದಲ್ಲಿ ಮೊದಲ ಸಲ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಸೀಟು. ಕೊನೇ ಹಲ್ಲಿಗಿದೆ. ನನ್ನ ಕಾಲು ಎಟುಕಲಿಲ್ಲ ಅಂದೆನಲ್ಲ. ತುದೀಲಿ ಕೂತು ಸ್ಟಾರ್ಟ್ ಮಾಡಿದೆ, ಸೀಟು ಮುಟ್ಟಿಲ್ಲ. ಈಗ ಮುಂದಕ್ಕೆ ಎಳೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳು ಸೀಟು ನೋಡಿದಳು. ಮೇಷ್ಟ್ರ ಹೆಂಡತಿಯನ್ನು ನೋಡಿದಳು. ಅವಳ ತಲೆ ಗಾಡಿಯ ಕಿಟಕಿಗೆ ಬರುತ್ತಿತ್ತು. ಮೇಷ್ಟ್ರು ಅವಳಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ಬೂಟು ಸಾಹೇಬ ಹಿಮ್ಮಡಿ ಎತ್ತರದ ಬೂಟು ಹಾಕಿಯೂ ಗರಗಸದಮ್ಮನ ಭುಜಕ್ಕೆ ಬರುವವನು. ಆ ಸೀಟಿನಲ್ಲಿ ಕೂತು ಪೆಡಲು ಒತ್ತಬೇಕಾದರೆ ಕಾಲು ಎಷ್ಟುದ್ದ ಇರಬೇಕು ಅಂತ ಅಳೆಯಲು ಪಟ್ಟಿ ಬೇಕಿರಲಿಲ್ಲ. ತಮ್ಮನಿಗೆ ಏಣಿ ಅಂತ ಹೆಸರಿಟ್ಟವಳು ಅವಳೇ.

ಒಂದು ಎಳೆತ. ಸೀಟು ಮುಂದೆ ಬಂದರೆ ಆ ಹೆಂಗಸಿನ ಮಾತಿಗೆ ಸಾಕ್ಷಿ ಇಲ್ಲ. ಗ್ಯಾಸು ಸಿಕ್ಕಿದೆ, ಮುಚ್ಚಳ ಸಿಕ್ಕಿದೆ; ತಮ್ಮ ಸಂಜೆಯೊಳಗೆ ಮನೆಗೆ ಬರುತ್ತಾನೆ.

ಗರಗಸದಮ್ಮ ಮೈದುನನ ಮಣಿಕಟ್ಟು ಹಿಡಿದು ಸೀಟಿನಿಂದ ಹೊರಗೆ ಎಳೆದಳು.

"ಇನ್‌ಸ್ಪೆಕ್ಟರೇ, ಇಲ್ಲಿ ಬನ್ನಿ," ಎಂದಳು. "ಈ ಸೀಟು ಎಲ್ಲಿದೆ ನೋಡ್ಕೊಳ್ಳಿ. ಬರೆದುಕೊಳ್ಳಿ. ಈ ಗಾಡಿಗೆ ಕಾವಲು ಹಾಕಿ, ಚಕ್ರದ ಗಾಳಿ ಯಾರೂ ಮುಟ್ಟಬಾರದು. ನಾನೂ ಸೇರಿ."

ಇನ್‌ಸ್ಪೆಕ್ಟರ್ ಬಂದರು, ನೋಡಿದರು. ಅವಳ ಮುಖವನ್ನು ಮಾತ್ರ ನೋಡಲಿಲ್ಲ.

"ಜೀಪು ತೆಗಿ," ಎಂದಳು ಮೈದುನನಿಗೆ.

"ಎಲ್ಲಿಗೆ ಅತ್ತಿಗೆ?"

"ಠಾಣೆಗೆ."

"ಬಿಡಿಸ್ಕೊಂಡು ಬರೋಕಾ?"

ಅವಳು ಬಕೆಟ್ಟಿನೊಳಗಿನ ಆರಿದ ಬತ್ತಿಯನ್ನು ತಂತಿ ಸಮೇತ ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು.

"ಅಲ್ಲ. ಅಂಗಡಿ ಬಿಟ್ಟು ಹೊರಗೆ ಕಾಲಿಟ್ಟಿಲ್ಲ ಅಂದನಲ್ಲ, ಆ ಮಾತನ್ನ ಇನ್ನೊಂದು ಸಲ ನನ್ನ ಮುಖ ನೋಡಿ ಹೇಳ್ಲಿ."